ಕ್ಷಮಿಸಿದ ಮೇಲೆ ಗಲ್ಲಾದ ಕೀಲಿಯನ್ನೂ ಕೊಡಬೇಕೇ? – ಓದುಗರ ಪ್ರಶ್ನೆ, ವಾಕ್ಯದ ಬೆಳಕಲ್ಲಿ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ‘ಈ ವಾಕ್ಯದ ಅರ್ಥವೇನು’ ಎಂದು ಕೇಳಿದವರು ಕಡಿಮೆ. ‘ಅರ್ಥ ಗೊತ್ತು, ನಾಳೆ ಬೆಳಿಗ್ಗೆ ಏನು ಮಾಡಲಿ’ ಎಂದು ಕೇಳಿದವರೇ ಜಾಸ್ತಿ. ಉತ್ತರಗಳಲ್ಲಿ ವಾಕ್ಯಗಳ ತಾತ್ಪರ್ಯವನ್ನಷ್ಟೇ ಕೊಟ್ಟಿದ್ದೇವೆ. ಅಧ್ಯಾಯ, ವಚನದ ಸಂಖ್ಯೆ ಹಿಡಿದು ನಿಮ್ಮ ಸತ್ಯವೇದದಲ್ಲಿ (ಬೈಬಲಿನಲ್ಲಿ) ಪೂರ್ತಿ ಓದಿಕೊಳ್ಳಿ.

ಪ್ರಶ್ನೆ: ಯೆರೆಮೀಯ 29:11, ಅಂದರೆ ದೇವರು ನಮಗಾಗಿ ಮಾಡಿರುವ ಆಲೋಚನೆ ಕೇಡಿಗಲ್ಲ, ಹಿತಕ್ಕೆ ಎಂಬ ವಾಕ್ಯವನ್ನು ದೊಡ್ಡ ಅಕ್ಷರದಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಂಡಿದ್ದೇನೆ. ಆದರೂ ಮೂರು ಸಂದರ್ಶನಗಳಲ್ಲಿ ಕೆಲಸ ಕೈತಪ್ಪಿತು. ನನ್ನ ವಿಶ್ವಾಸ ಸಾಲದೇ, ಅಥವಾ ಆ ವಾಕ್ಯ ನನಗೆ ಸಂಬಂಧಪಟ್ಟಿದ್ದಲ್ಲವೇ?

ಉತ್ತರ: ಚೀಟಿಯನ್ನು ಕಿತ್ತು ಹಾಕಬೇಡಿ. ಅದರ ಮೇಲ್ಗಡೆ ಹತ್ತನೇ ವಚನವನ್ನೂ ಬರೆದು ಅಂಟಿಸಿ. ಬಾಬೆಲಿನಲ್ಲಿ (ಬ್ಯಾಬಿಲೋನ್) ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ತಿರುಗಿ ಕರೆತರುತ್ತೇನೆ ಎನ್ನುತ್ತದೆ ಅದು. ಹನ್ನೊಂದನೆಯದು ಆ ಮಾತಿನ ಮುಂದುವರಿಕೆ.

ಕ್ರಿ.ಪೂ. 597ರಲ್ಲಿ ಯೆರೂಸಲೇಮಿನಿಂದ ಸೆರೆಹೋದವರಿಗೆ ಯೆರೆಮೀಯ ಬರೆದು ಕಳಿಸಿದ ಕಾಗದವಿದು. ಅದನ್ನು ಓದುವುದನ್ನು ಕೇಳಿಸಿಕೊಂಡ ನಲವತ್ತರ ಗಂಡಸಿಗೆ ಬೆರಳು ಮಡಚಿ ಲೆಕ್ಕ ಹಾಕಿದರೂ ಸಾಕಿತ್ತು, ತಾನು ಊರು ಮುಟ್ಟುವುದಿಲ್ಲವೆಂದು ತಿಳಿಯುತ್ತಿತ್ತು. ಹಿಂದಿನ 28ನೇ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆಂದು ಸಾರಿದ್ದಾನೆ. ಕೇಳಲು ಹಿತವಾದ ಮಾತು. ಆದರೆ ದೇವರು ಅವನನ್ನು ಕಳಿಸಿರಲಿಲ್ಲ. 29:11ನ್ನು ಒಂಟಿಯಾಗಿ ಎತ್ತಿ ಓದುವಾಗ ನಾವು ಯೆರೆಮೀಯನ ಬಾಯಿಂದ ಹನನ್ಯನ ಸಂದೇಶ ಹೇಳಿಸುತ್ತಿರುತ್ತೇವೆ. ನಮಗೇ ಅದು ಗೊತ್ತಾಗುವುದಿಲ್ಲ.

ಹಾಗಂತ ನಿಮಗೆ ಇದರಲ್ಲಿ ಪಾಲಿಲ್ಲ ಎಂದುಕೊಳ್ಳಬೇಡಿ. ಅದೇ ಕಾಗದದ 5ರಿಂದ 7ನೇ ವಚನ ನೋಡಿ: ಮನೆ ಕಟ್ಟಿ ವಾಸಮಾಡಿ, ತೋಟ ಮಾಡಿ ಅದರ ಫಲ ತಿನ್ನಿ, ಮದುವೆ ಮಾಡಿಕೊಳ್ಳಿ, ನಿಮ್ಮನ್ನು ಸೆರೆ ಒಯ್ದ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ದೇವರ ಹಿತವಾದ ಆಲೋಚನೆ ನೆರವೇರುವ ತನಕ ಬದುಕನ್ನು ತಡೆಹಿಡಿಯಬೇಡಿ ಎಂದರ್ಥ. ‘ಕೆಲಸ ಸಿಕ್ಕಲಿ, ಆಮೇಲೆ ನೋಡೋಣ’ ಎಂದು ನೀವು ಮುಂದೂಡಿರುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಅದರಲ್ಲಿ ಕೆಲಸವಿಲ್ಲದೆಯೂ ಆಗುವಂಥದ್ದು ಒಂದಾದರೂ ಇರುತ್ತದೆ. ಕಲಿಯಬೇಕೆಂದುಕೊಂಡ ವಿದ್ಯೆಯೋ, ಮಾತು ಬಿಟ್ಟ ತಮ್ಮನಿಗೆ ಮಾಡಬೇಕಾದ ಫೋನೋ ಇರಬಹುದು. ಅದನ್ನು ಈ ವಾರ ಶುರುಮಾಡಿ. ಜೊತೆಗೆ, ಸಂದರ್ಶನ ಮಾಡಿದವರಲ್ಲಿ ಒಬ್ಬರನ್ನಾದರೂ ‘ಎಲ್ಲಿ ಕಡಿಮೆ ಬಿತ್ತು’ ಎಂದು ಕೇಳಿ. ವಿಶ್ವಾಸ ಸಾಲದೆ ಹೋಯಿತು ಎಂದು ಕೊರಗುವವರಲ್ಲಿ ಎಷ್ಟೋ ಜನರಿಗೆ ಸಾಲದೆ ಹೋದದ್ದು ತಯಾರಿ.

ಯಾವ ವಾಕ್ಯವನ್ನೇ ಗೋಡೆಗೆ ಹಚ್ಚುವ ಮುಂಚೆ ಮೂರು ಪ್ರಶ್ನೆ ಹಾಕಿಕೊಳ್ಳಿ: ಯಾರು ಯಾರಿಗೆ ಹೇಳಿದ್ದು? ಹಿಂದೆ ಮುಂದೆ ಏನಿದೆ? ಇದು ವಾಗ್ದಾನವೋ, ಆಜ್ಞೆಯೋ, ನಡೆದ ಸಂಗತಿಯ ವರದಿಯೋ? ಬರೆದವರು ಸಂಖ್ಯೆ ಹಾಕಿ ಬರೆದವರಲ್ಲ. ಅಧ್ಯಾಯದ ವಿಂಗಡಣೆ 13ನೇ ಶತಮಾನದ್ದು. ಹೊಸ ಒಡಂಬಡಿಕೆಯ ವಚನಗಳಿಗೆ ಈಗಿರುವ ಸಂಖ್ಯೆ ಬಂದದ್ದು 1551ರಲ್ಲಿ. ಫಿಲಿಪ್ಪಿ 4:13ಕ್ಕೂ ಇದೇ ಪರೀಕ್ಷೆ ಮಾಡಿ. ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂದು ಪೌಲ ಬರೆದದ್ದು ಸೆರೆಯಲ್ಲಿದ್ದಾಗ. ಹಿಂದಿನ ಎರಡು ವಚನ ಓದಿದರೆ ‘ಎಲ್ಲ’ ಎಂದರೆ ಏನೆಂದು ತಿಳಿಯುತ್ತದೆ: ಹೊಟ್ಟೆ ತುಂಬಿರುವುದು, ಹಸಿದಿರುವುದು, ಸಮೃದ್ಧಿ, ಕೊರತೆ. ಪರೀಕ್ಷೆಯಲ್ಲಿ ರ‍್ಯಾಂಕ್ ಬರುವುದು ಆ ಪಟ್ಟಿಯಲ್ಲಿಲ್ಲ.

ಪ್ರಶ್ನೆ: ನಾನೂ ನಮ್ಮ ಸಭೆಯ ಒಬ್ಬ ಸಹೋದರರೂ ಸೇರಿ ಸಣ್ಣ ವ್ಯಾಪಾರ ನಡೆಸುತ್ತಿದ್ದೆವು. ಅವರು ಬಹಳ ದಿನಗಳಿಂದ ಗಲ್ಲಾದಿಂದ ಹಣ ತೆಗೆಯುತ್ತಿದ್ದದ್ದು ಲೆಕ್ಕ ನೋಡುವಾಗ ಸಿಕ್ಕಿಬಿತ್ತು. ಅತ್ತು ಕ್ಷಮೆ ಕೇಳಿದರು, ಕ್ಷಮಿಸಿದೆ. ಈಗ ಹಿರಿಯರು ‘ಏಳೆಪ್ಪತ್ತು ಸಲ ಕ್ಷಮಿಸು ಅಂತ ಕರ್ತನೇ ಹೇಳಿದ್ದಾನಲ್ಲಪ್ಪಾ, ಕೀಲಿ ವಾಪಸ್ ಕೊಡು’ ಎನ್ನುತ್ತಾರೆ. ಕೊಡದಿದ್ದರೆ ನನ್ನ ಕ್ಷಮೆ ಸುಳ್ಳಾಗುತ್ತದೆಯೇ?

ಉತ್ತರ: ಆಗುವುದಿಲ್ಲ. ಹಿರಿಯರು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟು ಮಾಡಿದ್ದಾರೆ. ಸೇಡಿನ ಹಕ್ಕನ್ನು ಬಿಟ್ಟುಕೊಡುವುದು ಕ್ಷಮೆ. ನಾಳೆಯ ಲೆಕ್ಕವನ್ನು ಅವರ ಕೈಗೊಪ್ಪಿಸುವುದು ನಂಬಿಕೆ. ಮೊದಲನೆಯದನ್ನು ಕರ್ತನು ಆಜ್ಞಾಪಿಸಿದ್ದಾನೆ. ಎರಡನೆಯದಕ್ಕೆ ಆತನು ಇಟ್ಟ ಅಳತೆ ಲೂಕ 16:10ರಿಂದ ಮುಂದೆ ಇದೆ: ಸ್ವಲ್ಪದರಲ್ಲಿ ನಂಬಿಗಸ್ತನೆಂದು ಕಂಡವನಿಗೆ ಹೆಚ್ಚಿನದು.

ಮೊದಲು, ಏಳೆಪ್ಪತ್ತರ ಮಾತು ಬರುವ ಮತ್ತಾಯ 18ನ್ನು ಪೂರ್ತಿ ನೋಡೋಣ. ಅಲ್ಲಿ ಯೇಸು ಒಂದು ಕಥೆ ಹೇಳುತ್ತಾನೆ: ರಾಜನು ಒಬ್ಬ ಆಳಿನ ದೊಡ್ಡ ಸಾಲ ಬಿಟ್ಟುಕೊಟ್ಟನು, ಆ ಆಳು ತನ್ನ ಜೊತೆಯವನ ಸಣ್ಣ ಸಾಲ ಬಿಡಲಿಲ್ಲ. ರಾಜನಿಗೆ ಸಾಲ ಕೊಡಬೇಕಿದ್ದವನದು ಹತ್ತು ಸಾವಿರ ತಲಾಂತು. ಅವನ ಜೊತೆಯ ಆಳು ಅವನಿಗೆ ಕೊಡಬೇಕಿದ್ದದ್ದು ನೂರು ದಿನಾರಿ. ಒಂದು ದಿನಾರಿ ಒಂದು ದಿನದ ಕೂಲಿ. ಒಂದು ತಲಾಂತು ಹೆಚ್ಚುಕಡಿಮೆ ಆರು ಸಾವಿರ ದಿನಾರಿ. ದೊಡ್ಡ ಸಾಲ ಆರು ಕೋಟಿ ದಿನದ ಕೂಲಿಯಾಯಿತು, ಸಣ್ಣದಕ್ಕಿಂತ ಆರು ಲಕ್ಷ ಪಟ್ಟು. ಪ್ರಸಂಗಗಳಲ್ಲಿ ಈ ದೊಡ್ಡ ಸಂಖ್ಯೆಯನ್ನೇ ಹೇಳುತ್ತಾರೆ. ಸಣ್ಣದನ್ನೂ ಗಮನಿಸಿ. ನೂರು ದಿನದ ಕೂಲಿ ಎಂದರೆ ಮೂರು ತಿಂಗಳಿಗೂ ಮೀರಿದ ದುಡಿಮೆ. ನಿಮಗಾದ ನಷ್ಟ ಏನೂ ಅಲ್ಲ ಎಂದು ಯೇಸು ಹೇಳಲಿಲ್ಲ. ನೋವಾಗುವಷ್ಟು ದೊಡ್ಡ ಮೊತ್ತವನ್ನೇ ಕಥೆಗೆ ಆರಿಸಿಕೊಂಡನು. ‘ಹೋಗಲಿ ಬಿಡಿ, ಏನು ಮಹಾ’ ಎನ್ನುವುದು ಕ್ಷಮೆಯಲ್ಲ, ಲೆಕ್ಕ ತಪ್ಪಿಸುವುದು.

ಇನ್ನು ಕೀಲಿಯ ವಿಷಯ. 1 ಸಮುವೇಲ 26ರಲ್ಲಿ ದಾವೀದನು ತನ್ನ ಪ್ರಾಣ ತೆಗೆಯಲು ಬೆನ್ನಟ್ಟಿ ಬಂದು ನಿದ್ರಿಸುತ್ತಿದ್ದ ಅರಸ ಸೌಲನನ್ನು ಕೊಲ್ಲದೆ, ತಲೆದೆಸೆಯಲ್ಲಿದ್ದ ಈಟಿ ಮತ್ತು ನೀರಿನ ತಂಬಿಗೆಯನ್ನು ಮಾತ್ರ ಎತ್ತಿಕೊಂಡು ಹೋಗುತ್ತಾನೆ. ಆಮೇಲೆ ಎದುರಿನ ಗುಡ್ಡದ ಮೇಲೆ, ನಡುವೆ ಬಹಳ ಅಂತರ ಬಿಟ್ಟು ನಿಂತು ಕೂಗುತ್ತಾನೆ. ಸೌಲನು ‘ತಪ್ಪು ಮಾಡಿದೆ ಮಗನೇ, ತಿರುಗಿ ಬಾ’ ಎಂದು ಕರೆದಾಗ ದಾವೀದನು ಕೊಟ್ಟ ಉತ್ತರ: ಈಟಿ ಇಲ್ಲಿದೆ, ಆಳುಗಳಲ್ಲಿ ಒಬ್ಬನು ಬಂದು ತೆಗೆದುಕೊಂಡು ಹೋಗಲಿ. ತಾನೇ ಒಯ್ದು ಕೊಡಲಿಲ್ಲ, ಸೌಲನ ಹಿಂದೆ ಹೋಗಲೂ ಇಲ್ಲ. ಪ್ರಾಣ ಉಳಿಸಿದನು, ಅಂತರವನ್ನೂ ಉಳಿಸಿಕೊಂಡನು.

ಯೋಸೇಫನದು ಇನ್ನೂ ದೀರ್ಘ ದಾರಿ. ಹದಿನೇಳರಲ್ಲಿ ಅಣ್ಣಂದಿರಿಂದಲೇ ಮಾರಾಟವಾದವನು ಅವರಿಗೆ ತನ್ನ ಗುರುತು ಹೇಳುವಾಗ ಮೂವತ್ತೊಂಬತ್ತರ ಆಸುಪಾಸು (ಆದಿಕಾಂಡ 37:2, 41:46, 45:6 ಕೂಡಿಸಿ ನೋಡಿ). ಮೊದಲ ಭೇಟಿಯಲ್ಲೇ ಅವನು ಮರೆಗೆ ಹೋಗಿ ಅಳುತ್ತಾನೆ. ಮನಸ್ಸು ಆಗಲೇ ಕರಗಿತ್ತು. ಆದರೂ ಗುರುತು ಹೇಳಲಿಲ್ಲ. ಕಿರಿಯ ತಮ್ಮ ಬೆನ್ಯಾಮೀನನನ್ನು ಬಿಟ್ಟು ಓಡಿಹೋಗುತ್ತಾರೋ ಇಲ್ಲವೋ ಎಂದು ಪರೀಕ್ಷಿಸಿದನು. ಹಿಂದೆ ಯೋಸೇಫನನ್ನು ಮಾರೋಣ ಎಂದಿದ್ದ ಅಣ್ಣ ಯೆಹೂದನೇ ‘ತಮ್ಮನ ಬದಲು ನಾನು ದಾಸನಾಗಿರುತ್ತೇನೆ’ ಎಂದು ಮುಂದೆ ಬಂದ ಮೇಲೆ ಬಾಗಿಲು ತೆರೆಯಿತು. ನಿಮ್ಮ ಪಾಲುದಾರರಲ್ಲಿ ನೋಡಬೇಕಾದದ್ದು ಕಣ್ಣೀರಿಗಿಂತ ಇಂಥ ಬದಲಾವಣೆಯನ್ನು.

ಕೆಲಸಕ್ಕೆ ಬರುವ ಕ್ರಮ ಹೀಗಿರಲಿ. ಮೊದಲು, ಹೋದ ಮೊತ್ತವನ್ನು ಇಬ್ಬರೂ ಕೂತು ಲೆಕ್ಕ ಹಾಕಿ, ಬರೆದು ಸಹಿ ಮಾಡಿ. ‘ಸುಮಾರು ಇಷ್ಟಿರಬಹುದು’ ಎಂದು ಬಿಟ್ಟರೆ ಆರು ತಿಂಗಳಲ್ಲಿ ನಿಮ್ಮ ಸುಮಾರು ಬೆಳೆದಿರುತ್ತದೆ, ಅವರದು ಕುಗ್ಗಿರುತ್ತದೆ. ಅರಣ್ಯಕಾಂಡ 5:7 ಮೂಲಧನದ ಜೊತೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕೆನ್ನುತ್ತದೆ. ಸುಂಕ ವಸೂಲಿಯ ಜಕ್ಕಾಯನು ತಾನಾಗಿಯೇ ನಾಲ್ಕರಷ್ಟು ಕೊಡುತ್ತೇನೆ ಎಂದನು. ಹೆಚ್ಚಿನ ಪಾಲನ್ನು ನೀವು ಬಿಟ್ಟುಕೊಡಬಹುದು. ಆ ಮಾತು ನಿಮ್ಮ ಬಾಯಿಂದ ಬರಬೇಕು, ಅವರ ಬಾಯಿಂದಲ್ಲ. ಎರಡನೆಯದಾಗಿ ಕಂತು, ತಾರೀಕು ಗೊತ್ತುಮಾಡಿ. ಮೂರನೆಯದಾಗಿ, ಹಣ ಮುಟ್ಟದ ಕೆಲಸ ಅವರಿಗಿರಲಿ. ಇಂಥ ತಿಂಗಳು ಮತ್ತೆ ಕೂತು ಮಾತಾಡೋಣ ಎಂದು ಈಗಲೇ ಹೇಳಿ. ಗಡುವಿಲ್ಲದ ಶಿಕ್ಷೆ ಸೇಡಿನ ಕಡೆಗೇ ವಾಲುತ್ತದೆ.

ಲೆಕ್ಕ ತೀರಿದ ಮೇಲೂ ಆ ಮಾತನ್ನು ಮತ್ತೆ ಮತ್ತೆ ಎತ್ತುವುದು ಇನ್ನೊಂದು ತಪ್ಪು. 2 ಕೊರಿಂಥ 2:6–8ರಲ್ಲಿ ಪೌಲನು ಶಿಕ್ಷೆ ಅನುಭವಿಸಿದ ಒಬ್ಬನ ಬಗ್ಗೆ, ಇಷ್ಟು ಸಾಕು, ಅವನು ದುಃಖದಲ್ಲಿ ಮುಳುಗಿಹೋಗದಂತೆ ಸಂತೈಸಿ ಎಂದು ಬರೆಯುತ್ತಾನೆ. ಹಿರಿಯರಿಗೆ ತೋರಿಸಬೇಕಾದ ವಾಕ್ಯ ಇದು. ಸರಿಯಾದ ಹೊತ್ತಿನಲ್ಲಿ ಇದನ್ನು ಹೇಳುವ ಹೊಣೆ ಅವರದು.

ಒಂದು ವಿಷಯವನ್ನು ಬಿಡುವಂತಿಲ್ಲ. ಮನೆಯಲ್ಲಿ ಹೊಡೆಯುವವರ ಬಳಿಗೆ, ಮಕ್ಕಳನ್ನು ಮುಟ್ಟಬಾರದ ರೀತಿ ಮುಟ್ಟಿದವರ ಬಳಿಗೆ ಯಾರನ್ನೂ ‘ಏಳೆಪ್ಪತ್ತು’ ಎಂದು ಹೇಳಿ ವಾಪಸ್ ಕಳಿಸಬಾರದು. ಮೊದಲು ಅಪಾಯದಿಂದ ದೂರ, ಆಮೇಲೆ ಉಳಿದ ಮಾತು. ನೀವೇ ಸೇಡು ತೀರಿಸಬೇಡಿ ಎಂದ ರೋಮಾ 12:19ರ ಕೆಲವೇ ಸಾಲುಗಳ ನಂತರ, 13:4ರಲ್ಲಿ, ಕೆಟ್ಟದ್ದಕ್ಕೆ ದಂಡನೆ ಮಾಡಲು ಅಧಿಕಾರಿಯನ್ನು ದೇವರೇ ಇಟ್ಟಿದ್ದಾನೆಂದಿದೆ. ದೂರು ಕೊಟ್ಟವರು ಕ್ಷಮಿಸಿಲ್ಲ ಎನ್ನುವುದಕ್ಕೆ ವಾಕ್ಯದ ಆಧಾರವಿಲ್ಲ.

ಪ್ರಶ್ನೆ: ನಮ್ಮ ಪ್ರಾರ್ಥನಾ ಗುಂಪಿನ ವಾಟ್ಸ್ಆ್ಯಪ್‌ನಲ್ಲಿ ‘ದಯವಿಟ್ಟು ಪ್ರಾರ್ಥಿಸಿ’ ಎಂದು ಬರುವುದರಲ್ಲಿ ಅರ್ಧಕ್ಕರ್ಧ ಬೇರೆಯವರ ಮನೆ ಸುದ್ದಿ. ಆಕ್ಷೇಪಿಸಿದರೆ ‘ಪ್ರಾರ್ಥನೆಗೂ ಅಡ್ಡಿ ಮಾಡ್ತೀರಾ’ ಎನ್ನುತ್ತಾರೆ.

ಉತ್ತರ: ಚಾಡಿಗೆ ಭಕ್ತಿಯ ಸೆರಗು ಹೊದಿಸಿದರೆ ಗುರುತು ಹಿಡಿಯುವುದು ಕಷ್ಟ. ಆದರೆ ಎಫೆಸ 4:29 ಮಾತಿಗೆ ಮೂರು ಜರಡಿ ಕೊಡುತ್ತದೆ: ಭಕ್ತಿ ಬೆಳೆಸುತ್ತದೆಯೇ, ಈಗಿನ ಅಗತ್ಯಕ್ಕೆ ತಕ್ಕದ್ದೇ, ಕೇಳಿದವರಿಗೆ ಕೃಪೆ ದೊರಕುತ್ತದೆಯೇ. ಪ್ರಾರ್ಥನಾ ವಿಷಯಕ್ಕೆ ನಾಲ್ಕನೆಯದೊಂದನ್ನು ಸೇರಿಸಿ: ಆ ವ್ಯಕ್ತಿಯ ಒಪ್ಪಿಗೆ ಇದೆಯೇ? ಇನ್ನೊಬ್ಬನ ಗುಟ್ಟನ್ನು ಬಯಲು ಮಾಡದೆ ಅವನ ಸಂಗಡಲೇ ಮಾತಾಡಿ ತೀರಿಸಿಕೋ ಎಂಬುದು ಜ್ಞಾನೋಕ್ತಿ 25:9ರ ಸಲಹೆ.

ಒಂದು ಸಂದೇಶ ತೆಗೆದುಕೊಳ್ಳಿ. ‘ಸಿಸ್ಟರ್ ಒಬ್ಬರ ಮಗಳು ಬೇರೆ ಹುಡುಗನ ಜೊತೆ ಹೋಗಿದ್ದಾಳೆ, ಗಂಡ ಮತ್ತೆ ಕುಡಿಯೋಕೆ ಶುರು ಮಾಡಿದ್ದಾರೆ, ಹೆಸರು ಹೇಳಲ್ಲ, ಹಿಂದಿನ ಸಾಲಲ್ಲಿ ಕೂರ್ತಾರೆ, ಪ್ರಾರ್ಥಿಸಿ.’ ಹೆಸರಿಲ್ಲ, ಆದರೂ ಎಲ್ಲರಿಗೂ ಗೊತ್ತಾಯಿತು. ಇದನ್ನೇ ‘ಕಷ್ಟದಲ್ಲಿರುವ ಒಂದು ಕುಟುಂಬಕ್ಕಾಗಿ ಈ ವಾರ ಪ್ರಾರ್ಥಿಸಿ’ ಎಂದು ಬರೆದರೆ ಪ್ರಾರ್ಥನೆಗೆ ಏನೂ ಕಡಿಮೆಯಾಗುವುದಿಲ್ಲ. ನಾವು ಬೇಡಿಕೊಳ್ಳುವುದಕ್ಕಿಂತ ಮುಂಚೆಯೇ ನಮಗೇನು ಅಗತ್ಯವೆಂದು ತಂದೆಗೆ ಗೊತ್ತು (ಮತ್ತಾಯ 6:8). ವಿವರ ಬೇಕಾಗಿರುವುದು ಓದುವವರಿಗೆ.

ಗುಂಪಿನಲ್ಲೇ ತಿದ್ದಲು ಹೋಗಬೇಡಿ. ಮೂವತ್ತು ಜನರ ಮುಂದೆ ತಿದ್ದಿಸಿಕೊಂಡವರು ತಿದ್ದಿಕೊಳ್ಳುವುದಿಲ್ಲ, ಗುಂಪು ಎರಡಾಗುತ್ತದೆ. ಹಾಕಿದವರಿಗೆ ಒಬ್ಬರೇ ಫೋನ್ ಮಾಡಿ. ಮತ್ತಾಯ 18:15ರ ಮೊದಲ ಹೆಜ್ಜೆ ಇದೇ, ನೀನು ಮತ್ತು ಅವನು ಮಾತ್ರ. ‘ಅಕ್ಕಾ, ಇದು ಗುಂಪಿಗೆ ಬಂದಿದೆ ಅಂತ ಅವರಿಗೆ ಗೊತ್ತಾ? ಗೊತ್ತಿಲ್ಲದಿದ್ದರೆ ಈಗಲೇ ಅಳಿಸಿಬಿಡೋಣ, ನಾವಿಬ್ಬರೇ ಈಗ ಪ್ರಾರ್ಥನೆ ಮಾಡೋಣ’ ಎನ್ನಿ, ಮತ್ತು ಫೋನಿನಲ್ಲೇ ಪ್ರಾರ್ಥಿಸಿ. ಹಾಗೆ ಮಾಡಿದರೆ ‘ಅಡ್ಡಿ ಮಾಡಿದರು’ ಎನ್ನಲು ಬಾಯಿ ಬರುವುದಿಲ್ಲ. ಗುಂಪು ನಡೆಸುವವರಿಗೆ ಒಂದೇ ನಿಯಮ ಸಾಕು: ತನ್ನ ವಿಷಯ ತಾನು ಹಾಕಬಹುದು, ಬೇರೆಯವರದ್ದು ಅವರನ್ನು ಕೇಳಿ ಹಾಕಬೇಕು.

ಪ್ರಶ್ನೆ: ಸೂರ್ಯ ಮುಳುಗುವ ಮುಂಚೆ ಸಿಟ್ಟು ತೀರಬೇಕು (ಎಫೆಸ 4:26) ಎಂದು ನಾನೂ ನನ್ನ ಯಜಮಾನರೂ ಮದುವೆಯ ದಿನವೇ ತೀರ್ಮಾನಿಸಿದ್ದೆವು. ಈಗ ರಾತ್ರಿ ಒಂದು ಗಂಟೆಯವರೆಗೂ ಜಗಳ ‘ತೀರಿಸುತ್ತಾ’ ಕೂರುತ್ತೇವೆ. ಬೆಳಿಗ್ಗೆ ಇನ್ನಷ್ಟು ಹದಗೆಟ್ಟಿರುತ್ತದೆ.

ಉತ್ತರ: ಒಂದು ಗಂಟೆಗೆ ಸೂರ್ಯ ಮುಳುಗಿ ಬಹಳ ಹೊತ್ತಾಗಿರುತ್ತದೆ ತಾಯಿ! ನಿದ್ದೆಗೆಟ್ಟ ಇಬ್ಬರು ಮಾತಾಡಿ ತೀರಿಸಿಕೊಳ್ಳುವ ಜಗಳ ಅಪರೂಪ. ಪೌಲನು ಅಲ್ಲಿ ಎತ್ತಿಕೊಂಡಿರುವುದು ಕೀರ್ತನೆ 4:4ರ ಮಾತು. ಆ ವಚನದ ಉಳಿದರ್ಧ, ಹಾಸಿಗೆಯ ಮೇಲೆ ಮನಸ್ಸಿನಲ್ಲೇ ಆಲೋಚಿಸಿಕೊಂಡು ಸುಮ್ಮನಿರಿ ಎನ್ನುತ್ತದೆ. ಎಫೆಸದ ಮುಂದಿನ 27ನೇ ವಚನ ಕಾರಣವನ್ನೂ ಕೊಡುತ್ತದೆ: ಸೈತಾನನಿಗೆ ಅವಕಾಶ ಸಿಗದಿರಲಿ. ಸಿಟ್ಟು ಹಳೆಯದಾಗಬಾರದು ಎಂಬುದು ಉದ್ದೇಶ. ವಿಷಯ ಅವತ್ತೇ ಇತ್ಯರ್ಥವಾಗಬೇಕೆಂದು ಅಲ್ಲಿಲ್ಲ.

ಹೀಗೆ ಮಾಡಿ ನೋಡಿ. ಇಂಥ ಹೊತ್ತಿನ ನಂತರ ಜಗಳದ ವಿಷಯ ಎತ್ತುವುದಿಲ್ಲವೆಂದು ಒಂದು ಸಮಯ ಗೊತ್ತುಮಾಡಿ. ಆ ಹೊತ್ತಿಗೆ ಮುಗಿಯದಿದ್ದರೆ ಇಬ್ಬರೂ ಎರಡು ಮಾತು ಹೇಳಬೇಕು: ‘ನಾನು ನಿಮ್ಮ ವಿರೋಧಿಯಲ್ಲ’ ಮತ್ತು ‘ನಾಳೆ ಇಷ್ಟು ಗಂಟೆಗೆ ಮಾತಾಡೋಣ’. ಎರಡನೆಯದನ್ನು ಹೇಳದೆ ಮಲಗಿದರೆ ಅದು ಮುನಿಸು. ಹೇಳಿ ಮಾರನೇ ದಿನ ಕೂರದಿದ್ದರೆ ಅದು ಸುಳ್ಳು. ಮುಂದಿನ ಸಲ ಆ ಮಾತಿಗೆ ಬೆಲೆ ಇರುವುದಿಲ್ಲ. ಕೂತಾಗ ಯಾಕೋಬ 1:19ರ ಕ್ರಮ ಹಿಡಿಯಿರಿ: ಕಿವಿ ಮೊದಲು, ನಾಲಿಗೆ ಆಮೇಲೆ, ಸಿಟ್ಟು ಕೊನೆಗೆ. ಒಬ್ಬರು ಐದು ನಿಮಿಷ ಮಾತಾಡಲಿ. ಇನ್ನೊಬ್ಬರು ಕೇಳಿದ್ದನ್ನು ತಮ್ಮ ಮಾತಿನಲ್ಲಿ ಹೇಳಲಿ. ‘ಹೌದು, ನಾನು ಹೇಳಿದ್ದು ಅದೇ’ ಎಂಬ ಮಾತು ಬಂದ ಮೇಲೆ ಉತ್ತರ.

ಎಫೆಸ 4ರಲ್ಲಿ ಇನ್ನೊಂದು ಗುಟ್ಟಿದೆ. ಪೌಲನು ಬರಿದೇ ಬಿಡು ಎನ್ನುವುದಿಲ್ಲ. ಬಿಡಬೇಕಾದದ್ದು, ಅದರ ಜಾಗಕ್ಕೆ ಬರಬೇಕಾದದ್ದು, ಯಾಕೆ ಎಂಬ ಕಾರಣ, ಮೂರನ್ನೂ ಒಟ್ಟಿಗೆ ಕೊಡುತ್ತಾನೆ. ಕಳ್ಳತನ ಬಿಡು, ಕೈಯಾರೆ ದುಡಿ, ಇಲ್ಲದವರಿಗೆ ಕೊಡಲು ಆಗುವಂತೆ (4:28). ಒಂದು ಹಾಳೆಯನ್ನು ಮೂರು ಅಂಕಣ ಮಾಡಿ ನಿಮ್ಮದೇ ಸಾಲು ಬರೆಯಿರಿ. ‘ಹಳೆಯದನ್ನು ಎತ್ತಿ ಆಡುವುದು’ ಎಂಬುದು ಮೊದಲ ಅಂಕಣದಲ್ಲಿದ್ದರೆ, ಎರಡನೆಯದರಲ್ಲಿ ‘ಇವತ್ತಿನ ಒಂದು ವಿಷಯ ಮಾತ್ರ’ ಎಂದಿರಲಿ. ಮೊದಲ ಅಂಕಣ ಮಾತ್ರ ತುಂಬಿ ಉಳಿದೆರಡನ್ನು ಖಾಲಿ ಬಿಟ್ಟವರು ವಾರದೊಳಗೆ ಹಳೇ ಚಾಳಿಗೇ ಮರಳುತ್ತಾರೆ. ಸಾಮಾನ್ಯವಾಗಿ ಸೋಲುವುದು ಇಲ್ಲೇ.

ಪ್ರಶ್ನೆ: ಮೂರ್ಖನಿಗೆ ಅವನ ಮೂರ್ಖತನಕ್ಕೆ ತಕ್ಕಂತೆ ಉತ್ತರ ಕೊಡಬೇಡ ಎನ್ನುತ್ತದೆ ಜ್ಞಾನೋಕ್ತಿ 26:4. ಐದನೆಯದು ಕೊಡು ಎನ್ನುತ್ತದೆ. ಯಾವುದನ್ನು ಪಾಲಿಸಲಿ?

ಉತ್ತರ: ಎರಡನ್ನೂ, ಬೇರೆ ಬೇರೆ ದಿನ. ಪಕ್ಕಪಕ್ಕದಲ್ಲಿ ಇಟ್ಟವರಿಗೆ ಅವು ಎದುರುಬದುರು ಎಂದು ಗೊತ್ತಿರಲಿಲ್ಲವೇ? ಜ್ಞಾನೋಕ್ತಿಗಳು ಕಾನೂನಿನ ಕಲಮುಗಳಲ್ಲ, ವಿವೇಕದ ಮಾತುಗಳು. ಸಂದರ್ಭ ನೋಡಿ ಬಳಸಬೇಕು. ನಾಲ್ಕನೆಯದರ ಕಾರಣ ನೀನೂ ಅವನಂತಾಗಬೇಡ ಎಂದು; ಐದನೆಯದರ ಕಾರಣ ಅವನು ತನ್ನನ್ನು ಜ್ಞಾನಿಯೆಂದು ಎಣಿಸಿಕೊಳ್ಳದಿರಲಿ ಎಂದು. ಉತ್ತರ ಕೊಟ್ಟರೆ ನಾನು ಕೆಳಗಿಳಿಯುತ್ತೇನೋ, ಕೊಡದಿದ್ದರೆ ಕೇಳುತ್ತಿರುವ ಮೂರನೆಯವರು ಮೋಸಹೋಗುತ್ತಾರೋ? ಎರಡನೆಯ ಅಪಾಯ ದೊಡ್ಡದಿದ್ದರೆ ಮಾತ್ರ ಬಾಯಿ ತೆರೆಯಿರಿ, ಅದೂ ಒಂದೇ ಸಲ. ನಡುಹಗಲಿನಲ್ಲಿ ಓದಿದಾಗಲೂ ಸರಿ ಎನಿಸುವ ಉತ್ತರವನ್ನಷ್ಟೇ ಕಳಿಸಿ.

ಪ್ರಶ್ನೆ: ಕಚೇರಿಯಲ್ಲಿ ಮೇಲಿನವರು ಬಿಲ್ಲುಗಳಿಗೆ ಹಿಂದಿನ ತಾರೀಕು ಹಾಕಿಸುತ್ತಾರೆ. ಯಜಮಾನರಿಗೆ ವಿಧೇಯರಾಗಿರಿ (ಕೊಲೊಸ್ಸೆ 3:22) ಎಂಬ ವಾಕ್ಯವೂ ಇದೆ. ಏನು ಮಾಡಲಿ?

ಉತ್ತರ: ಆ ವಚನ ಕೊನೆಗೊಳ್ಳುವುದು ಕರ್ತನಿಗೆ ಭಯಪಡುವವರಾಗಿ ಎಂಬ ಮಾತಿನಿಂದ. 25ರಲ್ಲಿ ಅನ್ಯಾಯ ಮಾಡಿದವನಿಗೆ ಅದರ ಫಲ ಸಿಗುತ್ತದೆ, ಪಕ್ಷಪಾತವಿಲ್ಲ ಎಂದಿದೆ. ಆದ್ದರಿಂದ ಸುಳ್ಳು ತಾರೀಕಿಗೆ ಅದನ್ನು ಗುರಾಣಿ ಮಾಡಿಕೊಳ್ಳಲಾಗದು.

ನಡೆದುಕೊಳ್ಳುವ ಬಗೆಯನ್ನು ದಾನಿಯೇಲ 1ರಿಂದ ಕಲಿಯಬಹುದು. ಸೆರೆಯಾಗಿ ಬಾಬೆಲಿನ ಅರಮನೆ ಸೇರಿದ ದಾನಿಯೇಲನು ಎಲ್ಲದಕ್ಕೂ ಜಗಳಕ್ಕೆ ನಿಲ್ಲಲಿಲ್ಲ. ಬಾಬೆಲಿನವರು ಇಟ್ಟ ಹೆಸರನ್ನು ಸಹಿಸಿದನು, ಅವರ ವಿದ್ಯೆಯನ್ನು ಕಲಿತನು. ಒಂದು ಕಡೆ ಗೆರೆ ಎಳೆದನು: ರಾಜನ ಊಟ ತನಗೆ ಬೇಡ ಎಂದನು. ಮೇಲ್ವಿಚಾರಕನ ಭಯವನ್ನು, ಅಂದರೆ ರಾಜನಿಗೆ ಗೊತ್ತಾದರೆ ತನ್ನ ತಲೆಗೆ ಅಪಾಯ ಎಂಬುದನ್ನು ಕೇಳಿಸಿಕೊಂಡನು. ಆಮೇಲೆ ಪರ್ಯಾಯವೊಂದನ್ನು ಮುಂದಿಟ್ಟನು: ಹತ್ತು ದಿನ ಕಾಯಿಪಲ್ಯ, ನೀರು ಕೊಟ್ಟು ಪರೀಕ್ಷೆ ಮಾಡಿ ನೋಡು. ಬೇಡಿಕೆ ಸಣ್ಣದು, ಗಡುವು ಸ್ಪಷ್ಟ, ಫಲಿತಾಂಶ ಕಣ್ಣಿಗೆ ಕಾಣುವಂಥದ್ದು.

ನೀವೂ ಮೊದಲು ತಿಳಿದುಕೊಳ್ಳಬೇಕಾದದ್ದು, ಹಿಂದಿನ ತಾರೀಕು ಯಾಕೆ ಬೇಕು ಎಂದು. ಬಹಳ ಸಲ ಯಾರೋ ಬಿಲ್ಲನ್ನು ತಡವಾಗಿ ಕೊಟ್ಟಿರುತ್ತಾರೆ, ಅಷ್ಟೇ. ಹಾಗಿದ್ದರೆ ಒಬ್ಬರೇ ಹೋಗಿ, ‘ಸರ್, ತಾರೀಕು ಇದ್ದಂತೆಯೇ ಇರಲಿ. ತಡವಾದ ಕಾರಣ ಬರೆದು ಟಿಪ್ಪಣಿ ನಾನೇ ತಯಾರು ಮಾಡ್ತೀನಿ, ಮುಂದಿನ ತಿಂಗಳಿಂದ ಇಪ್ಪತ್ತೈದನೇ ತಾರೀಕಿಗೇ ಎಲ್ಲರಿಗೂ ನೆನಪು ಮಾಡ್ತೀನಿ’ ಎನ್ನಿ. ಎಲ್ಲರ ಮುಂದೆ ಘೋಷಣೆ ಮಾಡಬೇಡಿ, ವಾಕ್ಯ ಹೇಳಿ ಉಪದೇಶವನ್ನೂ ಮಾಡಬೇಡಿ. ‘ಆಯ್ತು ಸರ್’ ಎಂದು ಹೇಳಿ ಮಾಡದೆ ಬಿಡುವುದು ಇನ್ನೂ ಕೆಟ್ಟದ್ದು, ಅದೂ ಸುಳ್ಳೇ. ಹೋಗುವ ಮುಂಚೆ ನಿಮ್ಮದೇ ಹಾಜರಿ, ಪ್ರಯಾಣದ ಖರ್ಚಿನ ಚೀಟಿಗಳನ್ನು ಒಮ್ಮೆ ನೋಡಿಕೊಳ್ಳಿ.

ಕೆಲಸ ಬಿಟ್ಟುಬಿಡುವುದು ಮೊದಲ ಹೆಜ್ಜೆಯಲ್ಲ. ಲೂಕ 3:12–14ರಲ್ಲಿ ಸುಂಕದವರೂ ಸಿಪಾಯಿಗಳೂ ಏನು ಮಾಡಬೇಕೆಂದು ಕೇಳಿದಾಗ ಸ್ನಾನಿಕ ಯೋಹಾನನು ಕೆಲಸ ಬಿಡಿ ಎನ್ನಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎಂದನು. ಆದರೆ ಪರ್ಯಾಯಕ್ಕೆ ಒಪ್ಪದೆ ಸಹಿ ಹಾಕೆಂದೇ ಒತ್ತಾಯಿಸಿದರೆ ಇಲ್ಲ ಎನ್ನಬೇಕಾಗುತ್ತದೆ, ಅದಕ್ಕೆ ಬೆಲೆ ತೆರಬೇಕಾಗಿಯೂ ಬರಬಹುದು. ಅರಸನ ಪ್ರತಿಮೆಗೆ ಅಡ್ಡಬೀಳಲು ಒಪ್ಪದೆ ಬೆಂಕಿಯ ಆವಿಗೆಯ ಮುಂದೆ ನಿಂತ ಮೂವರು ದೇವರು ಬಿಡಿಸದಿದ್ದರೂ ಸರಿ ಎಂದಿದ್ದರು (ದಾನಿಯೇಲ 3:18). ಬೇರೆ ಕೆಲಸ ಹುಡುಕುವುದನ್ನು ಇಂದೇ ಆರಂಭಿಸುವುದರಲ್ಲಿ ಅವಿಶ್ವಾಸವೇನಿಲ್ಲ.

ಪ್ರಶ್ನೆ: ಮನೋವೈದ್ಯರು ಆತಂಕಕ್ಕೆ ಮಾತ್ರೆ ಬರೆದುಕೊಟ್ಟಿದ್ದಾರೆ. ಯಾವುದಕ್ಕೂ ಚಿಂತೆ ಮಾಡಬೇಡಿ (ಫಿಲಿಪ್ಪಿ 4:6) ಎಂದಿರುವಾಗ ನುಂಗಿದರೆ ಅವಿಶ್ವಾಸ ಎನ್ನುತ್ತಾರೆ ಮನೆಯವರು.

ಉತ್ತರ: ಮಾತ್ರೆ ತೆಗೆದುಕೊಳ್ಳಿ. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಕೆಲವು ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ತೊಂದರೆ ಹೆಚ್ಚುತ್ತದೆ. ಪೌಲನೇ ತನ್ನ ಜೊತೆಗಾರ ತಿಮೊಥೆಯನ ಹೊಟ್ಟೆಯ ತೊಂದರೆಗೆ ಆ ಕಾಲದ ಔಷಧಿ ಹೇಳಿದ್ದಾನೆ (1 ತಿಮೊಥೆ 5:23), ಇನ್ನೊಬ್ಬ ಜೊತೆಗಾರ ತ್ರೊಫಿಮನು ಕಾಯಿಲೆ ಬಿದ್ದಾಗ ಅವನನ್ನು ಮಿಲೇತದಲ್ಲಿ ಬಿಟ್ಟುಬಂದಿದ್ದಾನೆ (2 ತಿಮೊಥೆ 4:20). ಇಬ್ಬರಿಗೂ ವಿಶ್ವಾಸ ಸಾಲದು ಎಂದು ಬರೆದಿಲ್ಲ.

ಮನೆಯವರ ಜೊತೆ ಕೂತು 1 ಅರಸು 19 ಓದಿ. ಸಾವು ಬೇಡಿಕೊಂಡು ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ, ನೀರು, ಮತ್ತೆ ನಿದ್ದೆ, ಮತ್ತೆ ರೊಟ್ಟಿ. ‘ಇಲ್ಲಿ ಏನು ಮಾಡುತ್ತೀ’ ಎಂಬ ಪ್ರಶ್ನೆ ಬಂದದ್ದು ನಲವತ್ತು ದಿನಗಳ ನಂತರ, ಹೋರೇಬ್ ಬೆಟ್ಟದಲ್ಲಿ. ಫಿಲಿಪ್ಪಿ 4:6 ಕೂಡ ಚಿಂತೆಯನ್ನು ಅದುಮಿಡು ಎನ್ನುವುದಿಲ್ಲ, ದೇವರಿಗೆ ತಿಳಿಸು ಎನ್ನುತ್ತದೆ. ಪ್ರಾರ್ಥನೆಗೆ ಮಾತೇ ಬಾರದ ದಿನ ಕೀರ್ತನೆ 13 ಹಿಡಿದುಕೊಳ್ಳಿ. ಆರೇ ವಚನ. ಮೊದಲ ಎರಡರಲ್ಲಿ ನಾಲ್ಕು ಸಲ ‘ಎಷ್ಟರವರೆಗೆ’ ಎಂಬ ಕೂಗು, ಮುಂದಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ. ಹಾಗೆಯೇ ನಿಮ್ಮದೂ ಆರು ಸಾಲು ಬರೆಯಿರಿ. ಕೊನೆಯ ಎರಡು ಬಾರದಿದ್ದರೆ ನಾಲ್ಕಕ್ಕೇ ನಿಲ್ಲಿಸಿ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಆದರೂ ಅದು ಸತ್ಯವೇದದಲ್ಲಿದೆ. ಬದುಕುವುದೇ ಬೇಡ ಎಂಬ ಯೋಚನೆ ಬಂದರೆ ಮಾತ್ರ ಒಬ್ಬರೇ ಕೂತು ಪ್ರಾರ್ಥಿಸುತ್ತಾ ಇರಬೇಡಿ. ಆ ಕ್ಷಣವೇ ಒಬ್ಬರನ್ನು ಹತ್ತಿರ ಕರೆದುಕೊಳ್ಳಿ, ವೈದ್ಯರಿಗೆ ತಿಳಿಸಿ.

ಪ್ರಶ್ನೆ: ಪ್ರತಿವರ್ಷ ಸತ್ಯವೇದವನ್ನು ಆದಿಕಾಂಡದಿಂದ ಶುರುಮಾಡುತ್ತೇನೆ, ಒಂದು ತಿಂಗಳಲ್ಲಿ ನಿಂತುಹೋಗುತ್ತದೆ.

ಉತ್ತರ: ನಿಲ್ಲುವ ಜಾಗವನ್ನೂ ಹೇಳಬಹುದು. ದಿನಕ್ಕೆ ಮೂರು ಅಧ್ಯಾಯವಾದರೆ 25ನೇ ದಿನ ವಿಮೋಚನಕಾಂಡ 25ಕ್ಕೆ ಬರುತ್ತೀರಿ. ಅಲ್ಲಿಂದ ಆರಾಧನೆಯ ಗುಡಾರದ ಅಳತೆ, ಕಂಬ, ಪರದೆ. 31ನೇ ದಿನ ಯಾಜಕಕಾಂಡ, ಯಜ್ಞಗಳ ವಿವರ. ಕಥೆ ಓದುವ ವೇಗದಲ್ಲಿ ಇವನ್ನು ಓದಲಾಗುವುದಿಲ್ಲ. ಅದರ ಮೇಲೆ, 66 ಪುಸ್ತಕಗಳ ಸತ್ಯವೇದದಲ್ಲಿ 1,189 ಅಧ್ಯಾಯಗಳಿವೆ. ದಿನಕ್ಕೆ ಮೂರರಂತೆ ಓದಿದರೂ ವರ್ಷಕ್ಕೆ ಮುಗಿಯುವುದಿಲ್ಲ, 94 ಉಳಿಯುತ್ತವೆ. ಹಿಂದೆ ಬಿದ್ದ ದಿನ ಎಂಟೊಂಬತ್ತು ಅಧ್ಯಾಯ ಓಡಿಸುತ್ತೀರಿ, ಮರುದಿನ ಪುಸ್ತಕ ಮುಟ್ಟಲು ಮನಸ್ಸಾಗುವುದಿಲ್ಲ.

ಮೊದಲ ವರ್ಷಕ್ಕೆ ಹೊಸ ಒಡಂಬಡಿಕೆ ಸಾಕು. ಅದರಲ್ಲಿ 260 ಅಧ್ಯಾಯ. ವಾರಕ್ಕೆ ಐದರಂತೆ 52 ವಾರಕ್ಕೆ ಸರಿಯಾಗುತ್ತದೆ. ವಾರದಲ್ಲಿ ಎರಡು ದಿನ ಖಾಲಿ ಇರುವುದರಿಂದ ತಪ್ಪಿದ್ದನ್ನು ತುಂಬಿಕೊಳ್ಳಬಹುದು. ಮಾರ್ಕನಿಂದ ಆರಂಭಿಸಿ, 16 ಅಧ್ಯಾಯ, ವೇಗದ ಬರಹ. ನಡತೆಯ ವಿಷಯ ಬೇಕೆಂದರೆ ಯಾಕೋಬನ ಪತ್ರ, ಐದೇ ಅಧ್ಯಾಯ; ಅದನ್ನು ನಾಲ್ಕು ವಾರ ಮತ್ತೆ ಮತ್ತೆ ಓದಿ. ಓದಿದ ಮೇಲೆ ದಿನಕ್ಕೆ ಒಂದೇ ಸಾಲು ಬರೆಯಿರಿ, ಅದರಲ್ಲಿ ಒಂದು ಕ್ರಿಯೆ ಇರಬೇಕು. ‘ಹೆಚ್ಚು ಪ್ರೀತಿಸಬೇಕು’ ಎಂದು ಬರೆದರೆ ಸಂಜೆಗೆ ಪರಿಶೀಲಿಸಲು ಏನೂ ಇರುವುದಿಲ್ಲ. ‘ಅತ್ತೆಗೆ ಊಟಕ್ಕೆ ಮುಂಚೆ ಫೋನ್ ಮಾಡಬೇಕು’ ಎಂದು ಬರೆದರೆ ಮಾಡಿದಿರೋ ಇಲ್ಲವೋ ಗೊತ್ತಾಗುತ್ತದೆ.

ಜೊತೆಗೆ ಕೀರ್ತನೆ ಬೇಕೆನ್ನುವವರು ದಿನಕ್ಕೆ ಐದರಂತೆ ಓದಿದರೆ 150ನ್ನು ಮೂವತ್ತು ದಿನದಲ್ಲಿ ಮುಗಿಸಬಹುದು. 24ನೇ ದಿನ ಮಾತ್ರ ಎಚ್ಚರ: 116ರಿಂದ 120, ಅದರ ನಡುವೆ 119 ಇದೆ, ಅದೊಂದಕ್ಕೇ 176 ವಚನ. ಅದನ್ನು ಆ ದಿನ ಬಿಟ್ಟು 31ನೇ ತಾರೀಕಿಗೆ ಇಟ್ಟುಕೊಳ್ಳಿ. 31 ಇಲ್ಲದ ತಿಂಗಳಲ್ಲಿ ಎಂಟೆಂಟು ವಚನವಾಗಿ 22 ಭಾಗ ಮಾಡಿ, ದಿನಕ್ಕೊಂದು ಸೇರಿಸಿಕೊಳ್ಳಿ.